ಬಾಣಂತಿಯ ಗಂಗಾಳದಲ್ಲಿ ಏನಿರಬೇಕು?



ನಿಮ್ಮ ಮನೆಯಲ್ಲಿ ಅಕ್ಕನೋ ಅತ್ತಿಗೆಯೋ ಹಡೆದು ಎರಡು ವಾರವಾಗಿದೆ ಎಂದಿಟ್ಟುಕೊಳ್ಳಿ. ಊರು ಸಿಂಧನೂರು ತಾಲ್ಲೂಕಿನ ಸಾಲಗುಂದವೇ ಆಗಲಿ, ಆಚೆಯ ಮಸ್ಕಿ, ಲಿಂಗಸುಗೂರು ಕಡೆಯದೇ ಆಗಲಿ, ಆ ಮನೆಯ ಚಿತ್ರ ಹೆಚ್ಚು ಕಡಿಮೆ ಒಂದೇ. ಒಳಕೋಣೆಯಲ್ಲಿ ಹೊರಸಿನ ಮೇಲೆ ಬಾಣಂತಿ. ತಲೆಗೆ ಬಿಗಿದ ಬಟ್ಟೆ, ಕಿವಿಯಲ್ಲಿ ಹತ್ತಿ. ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಲೋಬಾನದ ಹೊಗೆ, ಮುಚ್ಚಿದ ಕಿಟಕಿ. ಮನೆಯ ಗಂಡುಹುಡುಗರಿಗೆ ಆ ಕೋಣೆಯ ಹೊಸ್ತಿಲೇ ಗಡಿ. ಹೊತ್ತು ಹೊತ್ತಿಗೆ ಅಜ್ಜಿಯೋ ಅವ್ವನೋ ಒಂದು ಗಂಗಾಳವನ್ನು ಒಳಗೆ ಒಯ್ಯುತ್ತಾರೆ, ಬರಿದು ಮಾಡಿ ಹೊರಗೆ ತರುತ್ತಾರೆ. ಅದರಲ್ಲಿ ಏನಿತ್ತು ಎಂದು ಯಾರೂ ಇಣುಕಿ ನೋಡುವುದಿಲ್ಲ.

ಈ ಸಲ ಆ ಗಂಗಾಳವನ್ನೇ ನೋಡೋಣ. ಬಾಣಂತನ ಹೆಂಗಸರ ವಿಷಯ, ಓದುವ ಮಕ್ಕಳಿಗೆ ಅದೇಕೆ ಎಂದು ಕೆಲವರು ಕೇಳಬಹುದು. ಆದರೆ ಅದರೊಳಗೆ ನೀವು ಓದುವ ಜೀವಶಾಸ್ತ್ರವಿದೆ, ರಸಾಯನಶಾಸ್ತ್ರವಿದೆ, ನಮ್ಮ ಊರಿನ ಹೊಲದ ಚರಿತ್ರೆಯೂ ಇದೆ. ಗಂಗಾಳದಲ್ಲಿ ಕೊರತೆಯಾದರೆ ಅದರ ಪೆಟ್ಟು ಯಾರಿಗೆ ಬೀಳುತ್ತದೆ, ತಾಯಿಗೋ ಮಗುವಿಗೋ ಎಂಬ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ. ಉತ್ತರ ನೀವು ಎಣಿಸಿದಷ್ಟು ಸರಳವಾಗಿಲ್ಲ.

ಹಾಲಿನ ಲೆಕ್ಕ

ಮಾತುಕತೆಯಲ್ಲಿ ಕೇಳಿದ ಅಂಕಿಗಳು ಕಿವಿಯಲ್ಲಿ ನಿಲ್ಲುವುದಿಲ್ಲ. ಕಾಗದದ ಮೇಲಾದರೆ ನೀವೇ ಕೂಡಿ ಕಳೆದು ನೋಡಬಹುದು. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲಿನ ಹೊರತು ನೀರೂ ಬೇಕಿಲ್ಲ. ಆ ಅವಧಿಯಲ್ಲಿ ತಾಯಿ ದಿನಕ್ಕೆ ಸರಾಸರಿ 700 ಮಿಲಿಲೀಟರ್‌ನ ಆಸುಪಾಸು ಹಾಲು ಕೊಡುತ್ತಾಳೆ. 100 ಮಿಲಿಲೀಟರ್ ಹಾಲಿನಲ್ಲಿ ಸುಮಾರು 70 ಕ್ಯಾಲೊರಿ ಶಕ್ತಿಯಿದೆ ಎಂದರೆ, ಒಟ್ಟು 490 ಕ್ಯಾಲೊರಿ ಆಯಿತು. ಆದರೆ ಉಂಡ ಅನ್ನವೆಲ್ಲ ಹಾಲಾಗುವುದಿಲ್ಲ. ಹಾಲನ್ನು ತಯಾರಿಸುವ ಕೆಲಸಕ್ಕೇ ದೇಹ ಒಂದಿಷ್ಟು ಶಕ್ತಿ ಖರ್ಚು ಮಾಡುತ್ತದೆ. ನೂರಕ್ಕೆ ಎಂಬತ್ತರಷ್ಟು ಮಾತ್ರ ಹಾಲಿಗೆ ಸೇರುತ್ತದೆ. ಹಾಗಾಗಿ 490ನ್ನು 0.8ರಿಂದ ಭಾಗಿಸಿ. 600ಕ್ಕಿಂತ ಚೂರು ಹೆಚ್ಚು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2020ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ಹೆಚ್ಚುವರಿಯಾಗಿ ಹೇಳಿರುವುದು ಇದೇ 600 ಕ್ಯಾಲೊರಿ. ಜೊತೆಗೆ ಸುಮಾರು 17 ಗ್ರಾಂ ಸಸಾರಜನಕ, ಅಂದರೆ ಪ್ರೋಟೀನು.

ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಆಕೆ ಮೊದಲು ಉಣ್ಣುತ್ತಿದ್ದ ಊಟದ ಮೇಲೆ ಇನ್ನೂ ಎರಡು ದಪ್ಪ ಜೋಳದ ರೊಟ್ಟಿ, ಒಂದು ಬಟ್ಟಲು ಗಟ್ಟಿ ಬೇಳೆ. ಮೊದಲು ಉಣ್ಣುತ್ತಿದ್ದ ಊಟವೇ ಅರೆಹೊಟ್ಟೆಯದಾಗಿದ್ದರೆ ಈ ಲೆಕ್ಕ ಇನ್ನೂ ದೊಡ್ಡದಾಗುತ್ತದೆ. ಹೊಲದಲ್ಲಿ ದಿನವಿಡೀ ಕಳೆ ತೆಗೆದು ಬರುವ ಗಂಡಸಿಗೆ ಹಸಿವು ಹೆಚ್ಚೆಂದು ಎಲ್ಲರೂ ಒಪ್ಪುತ್ತಾರೆ. ಹೊರಸಿನ ಮೇಲೆ ಮಲಗಿದವಳು ಕೂಡ ಅಷ್ಟೇ ದುಡಿಯುತ್ತಿದ್ದಾಳೆ ಎಂಬುದು ಕಣ್ಣಿಗೆ ಕಾಣದ ಕಾರಣ ಒಪ್ಪುವವರು ಕಡಿಮೆ.

ಹಗೇವಿನಿಂದ ಕೊಡುವುದು, ಗಂಗಾಳದಿಂದ ಕೊಡುವುದು

ಈಗ ಮೊದಲಿನ ಪ್ರಶ್ನೆಗೆ ಬರೋಣ. ನಮ್ಮ ಕಡೆ ಹಿಂದೆ ಮನೆಗಳಲ್ಲಿ ಜೋಳ ತುಂಬಿಡುವ ಹಗೇವು ಇರುತ್ತಿತ್ತು. ಸುಗ್ಗಿಯಲ್ಲಿ ತುಂಬಿ, ಬರಗಾಲದಲ್ಲಿ ತೆಗೆಯುವುದು. ತಾಯಿಯ ದೇಹಕ್ಕೂ ಇಂಥ ಹಗೇವುಗಳಿವೆ. ಕೆಲವು ಸತ್ವಗಳನ್ನು ಆಕೆ ಉಂಡರೂ ಉಣ್ಣದಿದ್ದರೂ ದೇಹ ತನ್ನ ಹಗೇವಿನಿಂದ ತೆಗೆದು ಹಾಲಿಗೆ ಹಾಕುತ್ತದೆ. ಇನ್ನು ಕೆಲವಕ್ಕೆ ಹಗೇವೇ ಇಲ್ಲ. ಇವತ್ತಿನ ಗಂಗಾಳದಲ್ಲಿ ಇದ್ದರೆ ನಾಳಿನ ಹಾಲಿನಲ್ಲಿ ಇರುತ್ತದೆ, ಇಲ್ಲದಿದ್ದರೆ ಇಲ್ಲ.

ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಮೊದಲನೆಯ ಜಾತಿಗೆ ಸೇರಿದ್ದು. ದಿನಕ್ಕೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ. ತಾಯಿ ಹಾಲು ಮೊಸರು ಕಾಣದಿದ್ದರೂ ಹಾಲಿನಲ್ಲಿ ಇದು ಹೆಚ್ಚು ಕಡಿಮೆಯಾಗುವುದಿಲ್ಲ. ಎಲ್ಲಿಂದ ಬಂತು? ಆಕೆಯ ಮೂಳೆಯಿಂದ. ಮಗು ಹಾಲು ಬಿಟ್ಟ ಮೇಲೆ ಮೂಳೆ ಮತ್ತೆ ತುಂಬಿಕೊಳ್ಳುತ್ತದೆ. ತುಂಬಿಕೊಳ್ಳಲು ಸಮಯ ಬೇಕು, ಸಾಮಗ್ರಿಯೂ ಬೇಕು. ಆದ್ದರಿಂದಲೇ ಹಾಲುಣಿಸುವ ತಾಯಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಹೇಳಿರುವುದು, ಸರ್ಕಾರಿ ಆಸ್ಪತ್ರೆಯಲ್ಲಿ ಆರು ತಿಂಗಳಿಗಾಗುವಷ್ಟು ಕ್ಯಾಲ್ಸಿಯಂ ಗುಳಿಗೆ ಕೊಡುವುದು. ಹಾಲು, ಮೊಸರು, ರಾಗಿ, ನುಗ್ಗೆಸೊಪ್ಪು, ಎಳ್ಳು ಇವೆಲ್ಲ ಅದಕ್ಕೆ ಒದಗುತ್ತವೆ.

ಕಬ್ಬಿಣಾಂಶದ ಕಥೆ ಸ್ವಲ್ಪ ಬೇರೆ. ತಾಯಿಯ ಹಾಲಿನಲ್ಲಿ ಕಬ್ಬಿಣ ಇರುವುದೇ ಅತ್ಯಲ್ಪ. ಮಗು ಹುಟ್ಟುವಾಗಲೇ ತನ್ನ ಪಾಲನ್ನು ಹೊತ್ತು ತಂದಿರುತ್ತದೆ. ತಾಯಿ ಕಳೆದುಕೊಳ್ಳುವುದು ಹೆರಿಗೆಯ ರಕ್ತದಲ್ಲಿ. ಸುಸೂತ್ರವಾದ ಹೆರಿಗೆಯಲ್ಲೂ ಅರ್ಧ ಲೀಟರ್‌ವರೆಗೆ ರಕ್ತ ಹೋಗಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಅಂದರೆ ಸುಮಾರು ಅರ್ಧದಷ್ಟು ಮಂದಿ ಹೆರಿಗೆಗೆ ಹೋಗುವಾಗಲೇ ಹಗೇವು ಬರಿದು. ತುಂಬಿದ ಹಗೇವಿನವಳು ತಡೆದುಕೊಳ್ಳುವ ರಕ್ತಸ್ರಾವವನ್ನು ಈಕೆಯ ದೇಹ ತಡೆಯದು.

ಇಲ್ಲಿ ಒಬ್ಬ ವೈದ್ಯೆಯ ಹೆಸರನ್ನು ಹೇಳಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಮುಂಬಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಡ ಹೆಣ್ಣುಮಕ್ಕಳು ಬಸುರಿಯರಾದಾಗ ಒಂದು ಬಗೆಯ ತೀವ್ರ ರಕ್ತಹೀನತೆಯಿಂದ ಸಾಯುತ್ತಿದ್ದರು. ಬಹುಮಂದಿ ರೋಗಾಣುವನ್ನು ಹುಡುಕುತ್ತಿದ್ದಾಗ ವಿಲ್ಸ್ ಅವರ ಊಟವನ್ನು ಹುಡುಕಿದರು. ಯೀಸ್ಟಿನ ಸಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ಅಂಶವೇ ಮುಂದೆ ಫೋಲಿಕ್ ಆಮ್ಲ ಎಂದು ಹೆಸರಾಯಿತು. ಇಂದು ಬಾಣಂತಿಗೆ 180 ದಿನ, ದಿನಕ್ಕೊಂದರಂತೆ ಕೊಡುವ ಗುಳಿಗೆಯಲ್ಲಿ ಕಬ್ಬಿಣದ ಜೊತೆಗೆ ಇರುವುದು ಅದೇ. ಗುಳಿಗೆ ನುಂಗಿದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ ಎಂದು ಅನೇಕರು ಅರ್ಧಕ್ಕೇ ಬಿಡುತ್ತಾರೆ. ಮಲ ಕಪ್ಪಾಗುವುದು ಸಹಜ, ಭಯ ಬೇಡ. ಊಟದ ನಂತರ ನುಂಗಿದರೆ ತೊಳಸು ಕಡಿಮೆ. ಚಹಾದ ಜೊತೆ ಮಾತ್ರ ನುಂಗಬಾರದು, ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಬೇಡ. ಎರಡೂ ಕಬ್ಬಿಣವನ್ನು ಕರುಳು ಹೀರದಂತೆ ಮಾಡುತ್ತವೆ. ಲಿಂಬೆಹಣ್ಣಿನ ಹುಳಿ ಒಳ್ಳೆಯದು.

ಇಷ್ಟೂ ಹಗೇವಿನ ಮಾತು. ಇಲ್ಲಿ ಕೊರತೆಯ ಪೆಟ್ಟು ತಾಯಿಗೆ. ಇನ್ನು ಗಂಗಾಳದಿಂದಲೇ ಬರಬೇಕಾದವುಗಳನ್ನು ನೋಡೋಣ. ಇಲ್ಲಿ ಪೆಟ್ಟು ನೇರವಾಗಿ ಮಗುವಿಗೆ.

ಜೋಳ ಹೋಗಿ ಅಕ್ಕಿ ಬಂದಾಗ

ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಎರಡು ಮೂರು ತಿಂಗಳ ಹಸುಗೂಸುಗಳು ಏದುಸಿರಿನಲ್ಲಿ ಬರುತ್ತಿದ್ದವು. ಅಳು, ವಾಂತಿ, ಓಡುವ ಎದೆಬಡಿತ. ಪರೀಕ್ಷಿಸಿದರೆ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ವಿಪರೀತವಾಗಿ ಏರಿದೆ. ಹೃದಯದ ರಚನೆಯಲ್ಲಿ ಮಾತ್ರ ದೋಷವಿಲ್ಲ. ಎಲ್ಲವೂ ತಾಯಿಯ ಹಾಲನ್ನಷ್ಟೇ ಕುಡಿಯುತ್ತಿದ್ದ ಮಕ್ಕಳು. ವೈದ್ಯರು ತಾಯಂದಿರನ್ನು ಕೇಳಿದ್ದು, ನೀವು ಏನು ಉಣ್ಣುತ್ತಿದ್ದೀರಿ ಎಂದು. ಉತ್ತರ ಹೆಚ್ಚು ಕಡಿಮೆ ಒಂದೇ: ಪಾಲಿಷ್ ಮಾಡಿದ ಅಕ್ಕಿಯ ಅನ್ನ, ಪಥ್ಯದ ಊಟ. ಮಕ್ಕಳಿಗೆ ಥಯಾಮಿನ್, ಅಂದರೆ ಬಿ-1 ಜೀವಸತ್ವವನ್ನು ರಕ್ತನಾಳದ ಮೂಲಕ ಕೊಟ್ಟಾಗ ಒಂದೆರಡು ದಿನಗಳಲ್ಲೇ ಬಹುಪಾಲು ಕೂಸುಗಳ ಉಸಿರು ಹಿಡಿತಕ್ಕೆ ಬಂತು. ಇದನ್ನು ಅಲ್ಲಿನ ವೈದ್ಯರು ಈಚಿನ ವರ್ಷಗಳಲ್ಲಿ ವಿದೇಶದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಕಾಶ್ಮೀರದ ವೈದ್ಯರೂ ಅಲ್ಲಿನ ಅಕ್ಕಿ ಉಣ್ಣುವ ಬಾಣಂತಿಯರ ಮಕ್ಕಳಲ್ಲಿ ಇದೇ ಕೊರತೆಯನ್ನು ಕಂಡಿದ್ದಾರೆ.

ಥಯಾಮಿನ್ನಿಗೆ ಹಗೇವು ಇಲ್ಲ. ಒಳಗೆ ಹೋಗುವುದು ನಿಂತರೆ ದೇಹದಲ್ಲಿರುವುದು ಎರಡು ಮೂರು ವಾರಕ್ಕೆ ಮುಗಿಯುತ್ತದೆ. ಭತ್ತದ ಕಾಳಿನಲ್ಲಿ ಅದು ಇರುವುದು ಹೆಚ್ಚಾಗಿ ಹೊರಪದರದಲ್ಲಿ. ಗಿರಣಿಯಲ್ಲಿ ಬೆಳ್ಳಗೆ ಮಾಡಿದಂತೆ ಅದು ತವುಡಿನ ಪಾಲಾಗುತ್ತದೆ. ಉಳಿದದ್ದು ಅಕ್ಕಿ ತೊಳೆದ ನೀರಿನಲ್ಲಿ ಒಂದಿಷ್ಟು, ಬಸಿದ ಗಂಜಿಯಲ್ಲಿ ಒಂದಿಷ್ಟು ಹೋಗುತ್ತದೆ. 100 ಗ್ರಾಂ ಜೋಳದಲ್ಲಿ ಥಯಾಮಿನ್ ಸುಮಾರು 0.35 ಮಿಲಿಗ್ರಾಂ, ಪಾಲಿಷ್ ಅಕ್ಕಿಯಲ್ಲಿ 0.05ರ ಆಸುಪಾಸು. ಏಳು ಪಟ್ಟು ಅಂತರ. ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ಚರ ವೈದ್ಯ ಬಿಳಿ ಅಕ್ಕಿಯ ಅನ್ನ ತಿಂದ ಕೋಳಿಗಳ ಕಾಲು ಬೀಳುವುದನ್ನೂ ತವುಡು ಸಹಿತದ ಅಕ್ಕಿ ತಿಂದವು ಎದ್ದು ಓಡಾಡುವುದನ್ನೂ ಗಮನಿಸಿದ್ದು ಇದೇ ಅಂತರವನ್ನು. ಜೀವಸತ್ವಗಳ ಶಾಸ್ತ್ರ ಹುಟ್ಟಿದ್ದು ಆ ಕೋಳಿಗೂಡಿನಲ್ಲಿ. 1929ರ ನೊಬೆಲ್ ಪ್ರಶಸ್ತಿಯಲ್ಲಿ ಆತನಿಗೆ ಪಾಲು ಸಿಕ್ಕಿತು.

ಇದಕ್ಕೂ ನಮ್ಮ ಸಿಂಧನೂರಿಗೂ ಏನು ಸಂಬಂಧ? 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿಯುವ ಮುಂಚೆ ಇದು ಜೋಳದ ಸೀಮೆ. ಎರೆಹೊಲದಲ್ಲಿ ಹಿಂಗಾರಿ ಬಿಳಿಜೋಳ, ಮನೆಯಲ್ಲಿ ರೊಟ್ಟಿ, ನುಚ್ಚು, ಅಂಬಲಿ. ಅನ್ನ ಹಬ್ಬಕ್ಕೆ. ಎಡದಂಡೆ ಕಾಲುವೆ ಬಂತು. ಯೋಜನೆ ಮಾಡಿದವರು ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳನ್ನೇ ಎಣಿಸಿದ್ದರು. ರೈತರು ಭತ್ತ ನಾಟಿ ಮಾಡಿದರು. ಈಗ ಸಿಂಧನೂರೆಂದರೆ ಭತ್ತದ ಕಣಜ, ಸೋನಾ ಮಸೂರಿ. ಕಾಲುವೆ ಬಡತನವನ್ನು ಕಡಿಮೆ ಮಾಡಿದ್ದು ನಿಜ, ಅದನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಹೊಲ ಬದಲಾದಂತೆ ಗಂಗಾಳವೂ ಬದಲಾಯಿತು. ಹಿಂದೆ ಬಾಣಂತಿಗೆ ಮೆಣಸು ಬೆಳ್ಳುಳ್ಳಿಯ ಸಾರಿನ ಜೊತೆ ಜೋಳದ ನುಚ್ಚೋ ಬಿಸಿ ರೊಟ್ಟಿಯೋ ನವಣಕ್ಕಿಯೋ ಸಿಗುತ್ತಿತ್ತು. ಈಗ ಅದೇ ಸಾರು, ಅದೇ ಪಥ್ಯ. ಜೊತೆಗೆ ಮೂರು ಸಲ ತೊಳೆದು ಗಂಜಿ ಬಸಿದ ಬೆಳ್ಳನೆಯ ಅನ್ನ. ರೂಢಿ ಹಳೆಯದೇ, ಧಾನ್ಯ ಮಾತ್ರ ಬದಲಾಗಿದೆ. ಹಳೆಯ ಪಥ್ಯವನ್ನು ಹೊಸ ಅಕ್ಕಿಯ ಮೇಲೆ ಹೇರಿದಾಗ ಏನಾಗುತ್ತದೆ ಎಂಬುದನ್ನು ಏದುಸಿರಿನ ಆ ಕೂಸುಗಳು ತೋರಿಸಿಕೊಟ್ಟವು.

ಊಟದ ಮೇಲೆ ಬಾಣಂತಿಗೆ ಎಲೆಅಡಿಕೆ ಕೊಡುವ ರೂಢಿಯೂ ಹಲವು ಮನೆಗಳಲ್ಲಿದೆ. ಅಡಿಕೆಯಲ್ಲೂ ಕಡಕ್ ಚಹಾದಲ್ಲೂ ಥಯಾಮಿನ್ನನ್ನು ಕೆಡಿಸುವ ಅಂಶಗಳಿವೆ. ಉಪಾಯ ಕಷ್ಟದ್ದಲ್ಲ. ರೊಟ್ಟಿ ಮತ್ತೆ ಬರಲಿ. ಅನ್ನವೇ ಬೇಕೆಂದರೆ ಗಂಜಿ ಬಸಿಯದೆ ಬೇಯಿಸಿ. ಕರಾವಳಿಯವರು ಉಣ್ಣುವ ಕುಸುಬಲಕ್ಕಿಯಲ್ಲಿ ಭತ್ತವನ್ನು ಬೇಯಿಸುವಾಗಲೇ ಥಯಾಮಿನ್ ಹೊರಪದರದಿಂದ ಕಾಳಿನೊಳಗೆ ಇಳಿದಿರುತ್ತದೆ, ಗಿರಣಿಯಲ್ಲಿ ಅಷ್ಟಾಗಿ ಹೋಗುವುದಿಲ್ಲ. ತೊಗರಿ, ಹೆಸರು, ಶೇಂಗಾ, ಎಳ್ಳಿನಲ್ಲೂ ಅದು ಚೆನ್ನಾಗಿದೆ. ಬಿ-12 ಜೀವಸತ್ವವೂ ಬಹುಮಟ್ಟಿಗೆ ಗಂಗಾಳವನ್ನು ನಂಬಿಕೊಂಡದ್ದೇ. ಅದು ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ಬಾಣಂತಿಗೆ ಮೊಸರು ತಂಡಿ, ಮೊಟ್ಟೆ ನಂಜು ಎಂದು ತಡೆದರೆ ಏನು ಉಳಿಯಿತು ನೀವೇ ಹೇಳಿ. ಅಯೋಡಿನ್‌ಗೆ ಅಯೋಡಿನ್ ಬೆರೆಸಿದ ಉಪ್ಪು ಸಾಕು.

ಬೇಡಗಳೂ ಬೇಕುಗಳೂ

ಹಾಗೆಂದು ಅಜ್ಜಿಯನ್ನು ಅಜ್ಞಾನಿಯೆಂದು ನಗುವ ವಿದ್ಯಾರ್ಥಿ ಆಗಬೇಡಿ. ಅಜ್ಜಿಯ ಅಡುಗೆಯಲ್ಲಿ ಅಂಟಿನ ಉಂಡೆಯಿದೆ. ಕೊಬ್ಬರಿ, ಖಾರೀಕ, ಗೋಡಂಬಿ, ಗಸಗಸೆ, ತುಪ್ಪದಲ್ಲಿ ಹುರಿದ ಅಂಟು, ಬೆಲ್ಲ. ಒಂದು ಉಂಡೆಯಲ್ಲಿ ಎಷ್ಟು ಶಕ್ತಿಯಿದೆಯೆಂದರೆ ಆ 600 ಕ್ಯಾಲೊರಿಯ ದೊಡ್ಡ ಪಾಲು ಎರಡು ಉಂಡೆಗೇ ತುಂಬುತ್ತದೆ. ಅಳವಿ ಪಾಯಸದಲ್ಲಿ ಕಬ್ಬಿಣಾಂಶವಿದೆ. ಸಬ್ಬಸಿಗೆ ಸೊಪ್ಪಿನ ಪಲ್ಯ ಬಿಡದೆ ಮಾಡುತ್ತಾರೆ. ನಲವತ್ತು ದಿನ ನೀರು ಹೊರಬೇಡ, ಒಲೆಯ ಮುಂದೆ ಕೂರಬೇಡ ಎನ್ನುವ ಕಟ್ಟಳೆಯಲ್ಲೂ ವಿವೇಕವಿದೆ. ಹಿಗ್ಗಿದ ಗರ್ಭಕೋಶ ಮೊದಲಿನ ಅಳತೆಗೆ ಬರಲು ಬೇಕಾಗುವುದು ಸುಮಾರು ಆರು ವಾರ. ಯಾವ ಪುಸ್ತಕವನ್ನೂ ಓದದೆ ಅವರು ಈ ಲೆಕ್ಕಕ್ಕೆ ಬಂದಿದ್ದರು. ತವರಿನಲ್ಲಿ ಬಾಣಂತನ ಮಾಡುವ ಪದ್ಧತಿ ಬಹುಶಃ ಹೆಣ್ಣುಮಕ್ಕಳಿಗೆ ನಮ್ಮ ಸಮಾಜ ಕೊಟ್ಟ ಏಕೈಕ ಸಂಬಳಸಹಿತ ರಜೆ. ಸಂಬಳ ತುಪ್ಪದ ರೂಪದಲ್ಲಿ.

ಕೆಲವು ಬೇಡಗಳನ್ನು ಮಾತ್ರ ಬಿಡಲೇಬೇಕು. ಹೊಟ್ಟೆ ಬರುತ್ತದೆಂದು ನೀರು ಕೊಡದಿರುವುದು ಅವುಗಳಲ್ಲಿ ಮೊದಲನೆಯದು. ಕೆರೆಯ ನೀರು, ತೆರೆದ ಬಾವಿಯ ನೀರು ಕುಡಿಯುತ್ತಿದ್ದ ಕಾಲದಲ್ಲಿ ಕಡಿಮೆ ನೀರು ಕೊಟ್ಟಿದ್ದಕ್ಕೆ ಅರ್ಥವಿತ್ತೇನೋ. ಈಗ ಕಾಯಿಸಿ ಆರಿಸಿದ ನೀರು ಕೊಡಬಹುದು. ಬಾಯಾರಿಕೆಯಾದಷ್ಟೂ ಸಲ ಕುಡಿಯಬೇಕು, ರಾಯಚೂರು ಸೀಮೆಯ ಬೇಸಿಗೆಯಲ್ಲಂತೂ ಇನ್ನೂ ಹೆಚ್ಚು. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ ಬೆನ್ನುಹತ್ತುತ್ತವೆ. ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಎರಡನೆಯದು. ಅದು ಕೂಸಿನ ಪುಟ್ಟ ಶ್ವಾಸಕೋಶಕ್ಕೆ ವಿಷ. ಬೆಚ್ಚಗಿಡಲು ಹೊದಿಕೆ ಇದೆ, ತಾಯಿಯ ಎದೆ ಇದೆ. ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ಕೂಸಿಗೆ ಜೇನು ನೆಕ್ಕಿಸುವುದು ಕೂಡ ನಿಲ್ಲಬೇಕು. ಆ ಹಳದಿ ಹಾಲಿನಲ್ಲಿ ರೋಗ ತಡೆಯುವ ಶಕ್ತಿ ತುಂಬಿದೆ, ಹುಟ್ಟಿದ ಒಂದು ಗಂಟೆಯೊಳಗೆ ಅದು ಮಗುವಿಗೆ ಸಿಗಬೇಕು.

ಆದರೆ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ದೊಡ್ಡ ತೊಂದರೆ ಬೇರೆಯೇ ಇದೆ. ಅಂಟಿನ ಉಂಡೆಗೆ ಸಾವಿರಾರು ರೂಪಾಯಿ ಸಾಮಾನು ಬೇಕು. ಕೊಬ್ಬರಿ, ಗೋಡಂಬಿ, ತುಪ್ಪದ ಬೆಲೆ ನಿಮಗೆ ಗೊತ್ತು. ಭತ್ತದ ಗದ್ದೆಯಲ್ಲಿ ನಾಟಿಗೆ, ಕಳೆಗೆ ಹೋಗುವ ಕೂಲಿಯವಳ ತವರಿನಲ್ಲಿ ಅದು ಬರುವುದೆಲ್ಲಿಂದ? ಬೇಡಗಳು ಮಾತ್ರ ಬಡವ ಬಲ್ಲಿದನೆನ್ನದೆ ಎಲ್ಲ ಮನೆಗೂ ಬಂದವು. ಉಳ್ಳವರ ಮಗಳಿಗೆ ಬದನೆ, ಕುಂಬಳ, ಮೊಸರು ಬೇಡವೆಂದರೆ ಬದಲಿಗೆ ಉಂಡೆಯಿದೆ, ತುಪ್ಪವಿದೆ, ಹಾಲಿದೆ. ಇಲ್ಲದವರ ಮಗಳಿಗೆ ಬದನೆಯೂ ಇಲ್ಲ, ಉಂಡೆಯೂ ಇಲ್ಲ. ಅನ್ನ, ಬೆಳ್ಳುಳ್ಳಿ ಖಾರ, ಅಷ್ಟೆ. ಇಂಥ ಮನೆಗೆ ಹೇಳಬೇಕಾದದ್ದು ಗೋಡಂಬಿಯ ಮಾತಲ್ಲ. ಶೇಂಗಾ ಹುರಿದು ಬೆಲ್ಲ, ಎಳ್ಳು ಸೇರಿಸಿ ಕಟ್ಟಿದ ಉಂಡೆ ಅಗ್ಗ, ಸಸಾರಜನಕದಲ್ಲಿ ಕೊಬ್ಬರಿಯನ್ನು ಮೀರಿಸುತ್ತದೆ. ನುಗ್ಗೆಗಿಡ ಹಿತ್ತಲಲ್ಲೇ ಬೆಳೆಯುತ್ತದೆ. ಬದನೆಕಾಯಿಗೂ ನಂಜಿಗೂ ಸಂಬಂಧವಿಲ್ಲ. ಹೆರಿಗೆಯ ಗಾಯ ಕೀವಾಗುವುದು ರೋಗಾಣುವಿನಿಂದ, ತರಕಾರಿಯಿಂದಲ್ಲ.

ಹೊಸ್ತಿಲ ಆಚೆಗಿನ ಊಟ

ಸರ್ಕಾರ ಈ ಕೊರತೆಯನ್ನು ತುಂಬಲು ಮಾಡಿದ ಪ್ರಯತ್ನಗಳಲ್ಲಿ ನೀವು ತಿಳಿದಿರಬೇಕಾದದ್ದು ಮಾತೃಪೂರ್ಣ ಯೋಜನೆ. 2017ರಲ್ಲಿ ಪ್ರಾಯೋಗಿಕವಾಗಿ ಆಯ್ದುಕೊಂಡ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ನೆರೆಯ ಮಾನ್ವಿಯೂ ಒಂದು. ಆ ವರ್ಷದ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ಹಬ್ಬಿತು. ಬಸುರಿಗೂ, ಹೆರಿಗೆಯಾದ ಮೇಲೆ ಆರು ತಿಂಗಳವರೆಗೆ ಬಾಣಂತಿಗೂ ತಿಂಗಳಿಗೆ 25 ದಿನ ಅಂಗನವಾಡಿಯಲ್ಲಿ ಒಂದು ಹೊತ್ತಿನ ಬಿಸಿಯೂಟ. ಅನ್ನ, ಬೇಳೆ ಸೊಪ್ಪಿನ ಸಾಂಬಾರು, ಬೇಯಿಸಿದ ಮೊಟ್ಟೆ, 200 ಮಿಲಿಲೀಟರ್ ಹಾಲು, ಶೇಂಗಾ ಚಿಕ್ಕಿ. ಮನೆಗೆ ಕೊಟ್ಟ ರೇಷನ್ ಎಲ್ಲರ ಪಾಲಾಗುತ್ತದೆ, ತಾಯಿಯ ಹೊಟ್ಟೆಗೇ ಹೋಗಬೇಕಾದರೆ ಎದುರಿಗೆ ಕೂರಿಸಿ ಬಡಿಸಬೇಕು ಎಂಬುದು ಇದರ ಹಿಂದಿನ ವಿಚಾರ. ಹೆಂಗಸರು ಕಡೆಗೆ ಉಳಿದದ್ದನ್ನು ಉಣ್ಣುವ ನಮ್ಮ ಮನೆಗಳನ್ನು ಬಲ್ಲವರಿಗೆ ಈ ವಿಚಾರ ಸರಿಯೆನಿಸುತ್ತದೆ.

ಆದರೆ ಬಾಣಂತಿ ಹೊಸ್ತಿಲು ದಾಟುವುದಿಲ್ಲ! ಹಸಿ ಮೈ, ಗಾಳಿ ಸೋಕಬಾರದು, ಕಣ್ಣು ಬೀಳಬಾರದು. ಬಸುರಿಯರು ಬಂದಷ್ಟು ಬಾಣಂತಿಯರು ಅಂಗನವಾಡಿಗೆ ಬರಲಿಲ್ಲ ಎಂಬ ಮಾತು ಮೊದಲಿನಿಂದಲೂ ಕೇಳಿಬಂತು. ಒಂದು ಹೊತ್ತಿನ ಊಟಕ್ಕಾಗಿ ಸಿಸೇರಿಯನ್ ಹೊಲಿಗೆಯ ಹೊಟ್ಟೆ ಹಿಡಿದು, ಕೂಸನ್ನು ಎತ್ತಿಕೊಂಡು, ಬಿಸಿಲಲ್ಲಿ ಅರ್ಧ ಕಿಲೋಮೀಟರ್ ನಡೆ ಎನ್ನುವುದೂ ನ್ಯಾಯವಲ್ಲ. ಕೋವಿಡ್ ಕಾಲದಲ್ಲಿ ಅಂಗನವಾಡಿ ಮುಚ್ಚಿದಾಗ ಸಾಮಗ್ರಿಯನ್ನು ಮನೆಗೇ ಮುಟ್ಟಿಸಿದರು. ಆಗ ಹಳೆಯ ಪ್ರಶ್ನೆ ತಿರುಗಿ ಬಂತು: ಮನೆಯೊಳಗೆ ಬಂದ ಮೊಟ್ಟೆ ಯಾರ ಬಾಯಿಗೆ ಹೋಯಿತು? ಕಾಲೇಜಿನಲ್ಲಿ ಯೋಜನಾ ವರದಿಗೆ ವಿಷಯ ಹುಡುಕುತ್ತಿರುವವರು ಇದನ್ನೇ ತಮ್ಮ ಓಣಿಯಲ್ಲಿ ವಿಚಾರಿಸಿ ನೋಡಬಹುದು.

ಊಟವೊಂದೇ ಎಲ್ಲವನ್ನೂ ಕಾಯುವುದಿಲ್ಲ ಎಂಬುದನ್ನೂ ಹೇಳಬೇಕು. 2024ರ ನವೆಂಬರ್‌ನಲ್ಲಿ ಪಕ್ಕದ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಏರಿಸುವ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದಾದ್ಯಂತ ತಾಯಂದಿರ ಸಾವುಗಳ ಪರಿಶೀಲನೆಗೆ ಆದೇಶಿಸಿತು. 2018–20ರ ಲೆಕ್ಕದಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು, ಕೇರಳದಲ್ಲಿ 19. ಈ ಅಂತರದಲ್ಲಿ ಆಸ್ಪತ್ರೆಯ ಪಾಲೂ ಇದೆ, ಗಂಗಾಳದ ಪಾಲೂ ಇದೆ.

ಅಳುವ ತಾಯಿ

ಕೂಸು ಮೊಲೆ ಚೀಪಿದಾಗ ತಾಯಿಯ ಮೆದುಳಿನಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರಕ್ಕೆ ಹರಿಸುತ್ತದೆ. ಗರ್ಭಕೋಶವನ್ನು ಕುಗ್ಗಿಸಿ ರಕ್ತ ನಿಲ್ಲಿಸಲು ನೆರವಾಗುವುದೂ ಇದೇ ಆಕ್ಸಿಟೋಸಿನ್. ನೋವು, ಭಯ, ಚಿಂತೆ ಇದ್ದರೆ ಅದರ ಹರಿವು ತಡವಾಗುತ್ತದೆ. “ನಿನಗೆ ಹಾಲೇ ಇಲ್ಲ” ಎಂದು ನಾಲ್ಕು ಜನ ಚುಚ್ಚಿದರೆ, ಇದ್ದ ಹಾಲೂ ಇಳಿಯುವುದಿಲ್ಲ. “ಮತ್ತೆ ಹೆಣ್ಣೇ ಆಯಿತಾ” ಎಂಬ ಮಾತಿಗೂ ಇದೇ ಪರಿಣಾಮ. ಒಳ್ಳೆಯ ಮಾತು ಬಾಣಂತಿಗೆ ಔಷಧವೆಂದು ಹೇಳುವುದು ಉಪಚಾರಕ್ಕಲ್ಲ, ಶರೀರಶಾಸ್ತ್ರ ಹಾಗಿದೆ.

ಹೆರಿಗೆಯಾದ ಮೂರನೆಯ ದಿನದಿಂದ ಹತ್ತು ದಿನದವರೆಗೆ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ಕಳೆದರೂ ಹೋಗದಿದ್ದರೆ, ನಿದ್ದೆ ಬಾರದಿದ್ದರೆ, ಕೂಸಿನ ಮೇಲೂ ಮನಸ್ಸಿಲ್ಲದಿದ್ದರೆ ಅದು ಖಿನ್ನತೆ. ಭಾರತದಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ಲೆಕ್ಕದಂತೆ ನೂರರಲ್ಲಿ ಸುಮಾರು 22 ಬಾಣಂತಿಯರಿಗೆ ಇದು ಬರುತ್ತದೆ. ದೆವ್ವ, ಗಾಳಿ ಎಂದು ತಾಯತ ಕಟ್ಟಿಸುವುದರಲ್ಲಿ ದಿನ ಕಳೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮತ್ತು ಕೂಸನ್ನು ಬೇರ್ಪಡಿಸದೆ ಚಿಕಿತ್ಸೆ ಕೊಡುವ ವಿಭಾಗವಿದೆ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡುತ್ತಾರೆ.

ಹುಡುಗರೇ, ಹೊಸ್ತಿಲ ಆಚೆ ನಿಂತ ನಿಮಗೂ ಇಲ್ಲಿ ಕೆಲಸವಿದೆ. ರಾತ್ರಿ ನಾಲ್ಕು ಸಲ ಎದ್ದವಳಿಗೆ ಹಗಲಿನಲ್ಲಿ ಎರಡು ತಾಸು ನಿದ್ದೆ ಬೇಕು. ಆ ಹೊತ್ತು ಕೂಸನ್ನು ನೀವು ಎತ್ತಿಕೊಳ್ಳಬಹುದು. ನೀರಿನ ತಂಬಿಗೆ ಆಕೆಯ ಕೈಗೆಟಕುವಂತೆ ಇಡಬಹುದು. ಬಟ್ಟೆ ಒಗೆದು ಬಿಸಿಲಿಗೆ ಹಾಕಬಹುದು. ಗಂಟೆಗೊಂದು ಬಟ್ಟೆ ತೊಯ್ಯುವಷ್ಟು ರಕ್ತಸ್ರಾವ, ಚಳಿಜ್ವರ, ದುರ್ವಾಸನೆಯ ಸ್ರಾವ, ತಾಳಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಉಸಿರಾಟದ ತೊಂದರೆ ಇವುಗಳಲ್ಲಿ ಒಂದು ಕಂಡರೂ ಹಿರಿಯರ ಚರ್ಚೆ ಮುಗಿಯಲೆಂದು ಕಾಯದೆ 108ಕ್ಕೆ ಫೋನು ಮಾಡಿ.

ಆಸ್ಪತ್ರೆಯಲ್ಲಿ ಹೆರಿಗೆಯಾದವಳ ಮನೆಗೆ ಆಶಾ ಕಾರ್ಯಕರ್ತೆ ಬರಬೇಕಾದದ್ದು ಆರು ಸಲ: 3, 7, 14, 21, 28 ಮತ್ತು 42ನೆಯ ದಿನ. ಅಲ್ಲಿಗೆ ಈ ಆರು ಭೇಟಿಗಳು ಮುಗಿಯುತ್ತವೆ. ಕಬ್ಬಿಣದ ಗುಳಿಗೆ ಮುಗಿಯುವುದು ಮಾತ್ರ 180ನೆಯ ದಿನ. ನಡುವೆ ಮೂರನೆಯದೋ ಐದನೆಯದೋ ತಿಂಗಳಲ್ಲಿ ತವರಿನವರು ತೊಟ್ಟಿಲು ಸಹಿತ ಮಗಳನ್ನು ಗಂಡನ ಮನೆಗೆ ಕಳಿಸುತ್ತಾರೆ. ಸೀರೆ, ಕುಬುಸ, ಉಂಡೆಯ ಡಬ್ಬಿ, ಕೂಸಿನ ಕುಂಚಿಗೆ ಎಲ್ಲವೂ ನೆನಪಿನಿಂದ ಗಾಡಿಗೆ ಏರುತ್ತವೆ. ತಾಯಿ ಕಾರ್ಡು, ಉಳಿದ ಗುಳಿಗೆಯ ಪೊಟ್ಟಣ ತವರಿನ ಗೂಡಿನಲ್ಲೇ ಮರೆತುಹೋಗುವುದು ಸಾಮಾನ್ಯ. ಹೊರಡುವ ದಿನ ಆ ಗೂಡಿನ ಮೇಲೆ ಒಮ್ಮೆ ಕೈಯಾಡಿಸಿ, ಅವೆರಡನ್ನೂ ಅಕ್ಕನ ಚೀಲಕ್ಕೆ ಹಾಕಿ. ಅಲ್ಲಿಯ ಅಂಗನವಾಡಿಯಲ್ಲಿ ಆಕೆಯ ಹೆಸರು ಬರೆಸುವಂತೆ ಮಾವನಿಗೂ ಹೇಳಿ ಕಳಿಸಿ.